ವಿಡಿಯೊ ಕ್ಯಾಮೆರಾಗೆ ಬ್ಯಾಕ್‌ಪ್ಯಾಕ್: ಲೀಟರ್ ನೋಡುವ ಮೊದಲು ಆಳ ಅಳೆಯಿರಿ

ಕ್ಯಾಮೆರಾ ಬ್ಯಾಗ್ ಎಂದು ಮಾರುವ ಬ್ಯಾಗುಗಳಲ್ಲಿ ಹೆಚ್ಚಿನವು ಸ್ಟಿಲ್ ಫೋಟೊ ತೆಗೆಯುವವರ ಲೆಕ್ಕಕ್ಕೆ ಹೊಲಿದಂಥವು. ಒಂದು ಬಾಡಿ, ಮೂರು ಲೆನ್ಸ್, ಒಂದು ಫ್ಲ್ಯಾಶ್ ಅವುಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಅದೇ ಬಾಡಿಗೆ ಕೇಜ್ (ಸುತ್ತ ಕೂರುವ ಲೋಹದ ಚೌಕಟ್ಟು) ಹಾಕಿ, ಮೇಲೊಂದು ಹ್ಯಾಂಡಲ್ ಸಿಕ್ಕಿಸಿ, ಪಕ್ಕಕ್ಕೆ ಮಾನಿಟರ್ ಕಟ್ಟಿದ ಕೂಡಲೇ ಜಿಪ್ ಮುಚ್ಚುವುದಿಲ್ಲ. ಅಂಗಡಿಯಲ್ಲಿ ಬರೀ ಬಾಡಿ ಇಟ್ಟು ನೋಡಿ ಬ್ಯಾಗ್ ಕೊಂಡವರು ಶೂಟಿಂಗ್ ದಿನ ಬೆಳಿಗ್ಗೆ ಅಲೆನ್ ಕೀ ಹಿಡಿದು ಹ್ಯಾಂಡಲ್ ಬಿಚ್ಚುತ್ತಾ ಕೂರುವುದು ಇದಕ್ಕೇ.

ಲೀಟರ್ ಲೆಕ್ಕವೂ ಇಲ್ಲಿ ಕೈಕೊಡುತ್ತದೆ. ಬ್ಯಾಗಿನ ಸಾಮರ್ಥ್ಯ ಅಳೆಯುವ ಎಎಸ್‌ಟಿಎಂ ಎಫ್2153 ಎಂಬ ವಿಧಾನದಲ್ಲಿ 20 ಮಿ.ಮೀ. ಗಾತ್ರದ ಪ್ಲಾಸ್ಟಿಕ್ ಗುಂಡುಗಳನ್ನು ತುಂಬಿ ನೋಡುತ್ತಾರೆ. ಗುಂಡು ಮೂಲೆಮೂಲೆಗೂ ಉರುಳಿಹೋಗುತ್ತದೆ, ಕ್ಯಾಮೆರಾ ಹಾಗೆ ಹೋಗುವುದಿಲ್ಲ. ಒಳಗಿನ ಫೋಮ್ ಗೋಡೆ, ಡಿವೈಡರುಗಳು ತಿನ್ನುವ ಜಾಗ ಬೇರೆ. ಎರಡು ಬ್ಯಾಗಿನ ಮೇಲೂ 30 ಲೀಟರ್ ಎಂದೇ ಬರೆದಿರುತ್ತದೆ. ಒಂದರ ಒಳ ಆಳ 13 ಸೆಂ.ಮೀ. ಇದ್ದರೆ ಇನ್ನೊಂದರದು 18 ಇರಬಹುದು. ವಿಡಿಯೊದವರ ಸುಖದುಃಖವೆಲ್ಲ ಆ 5 ಸೆಂ.ಮೀ.ನಲ್ಲೇ ಇದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಮಾತ್ರ ಮೊದಲು ಕಾಲು ಅಳೆದುಕೊಂಡು ಆಮೇಲೆ ಹಾಸಿಗೆ ಕೊಳ್ಳಬೇಕು.

ಹಂತ 1: ನೆಲದ ಮೇಲೆ ಹರವಿ, ಟೇಪ್ ಹಿಡಿಯಿರಿ

ನಿಮ್ಮ ಬಳಿ ಇರುವುದನ್ನೆಲ್ಲ ತರಬೇಡಿ. ಸಾಮಾನ್ಯವಾದ ಒಂದು ದಿನದ ಶೂಟಿಗೆ ಒಯ್ಯುವುದನ್ನಷ್ಟೇ ಬೆಡ್‌ಶೀಟ್ ಮೇಲೆ ಹರಡಿ. ವರ್ಷಕ್ಕೊಮ್ಮೆ ಬೇಕಾಗುವ ಸ್ಲೈಡರಿಗಾಗಿ (ಕ್ಯಾಮೆರಾ ಜಾರಿಸುವ ಹಳಿ) ದೊಡ್ಡ ಬ್ಯಾಗ್ ಕೊಂಡರೆ ವರ್ಷವಿಡೀ ಅದರ ಖಾಲಿ ಭಾರವನ್ನು ಹೊರಬೇಕಾಗುತ್ತದೆ.

ಈಗ ಕ್ಯಾಮೆರಾವನ್ನು ಯಾವ ಸ್ಥಿತಿಯಲ್ಲಿ ಬ್ಯಾಗಿನಲ್ಲಿ ಇಡುತ್ತೀರಿ ಎಂದು ತೀರ್ಮಾನಿಸಿ. ಪೂರ್ತಿ ಜೋಡಿಸಿಯೇ ಇಡಬಹುದು; ತೆಗೆದ ತಕ್ಷಣ ರೆಕಾರ್ಡ್ ಒತ್ತಬಹುದು, ಆದರೆ ಬ್ಯಾಗ್ ದೈತ್ಯಾಕಾರದ್ದಾಗುತ್ತದೆ. ಪೂರ್ತಿ ಬಿಚ್ಚಿಯೂ ಇಡಬಹುದು. ಬ್ಯಾಗ್ ಚಿಕ್ಕದಾಗುತ್ತದೆ, ಆದರೆ ಪ್ರತಿ ಸಲ ಜೋಡಣೆಗೆ ಹತ್ತು ನಿಮಿಷ ಹೋಗುತ್ತದೆ, ಎಲ್ಲೋ ಒಂದು ಸ್ಕ್ರೂ ಕಳೆಯುತ್ತದೆ. ಹೆಚ್ಚಿನವರಿಗೆ ಹೊಂದುವುದು ನಡುವಿನ ದಾರಿ: ಕೇಜ್, ಕೆಳಗಿನ ಕ್ವಿಕ್ ರಿಲೀಸ್ ಪ್ಲೇಟ್ (ಟ್ರೈಪಾಡಿಗೆ ತಟ್ಟನೆ ಸಿಕ್ಕಿಸುವ ತಟ್ಟೆ) ಮತ್ತು ಒಂದು ಲೆನ್ಸ್ ಬಾಡಿಗೆ ಅಂಟಿಕೊಂಡೇ ಇರುತ್ತವೆ, ಹ್ಯಾಂಡಲ್ ಮತ್ತು ಮಾನಿಟರ್ ಬೇರೆಯಾಗಿ ಕೂರುತ್ತವೆ. ಹ್ಯಾಂಡಲ್ ನೇಟೋ ರೈಲ್ ಎಂಬ ಚಿಕ್ಕ ಲೋಹದ ಹಳಿಯ ಮೇಲೆ ಜಾರಿಸಿ ಬಿಗಿಯುವಂಥದ್ದಾದರೆ ಹತ್ತು ಸೆಕೆಂಡಿನ ಕೆಲಸ. ಎರಡು ಸ್ಕ್ರೂಗಳಲ್ಲಿ ಕೂರುವಂಥದ್ದಾದರೆ ಬ್ಯಾಗಿಗಿಂತ ಮೊದಲು ಒಂದು ರೈಲ್ ಕೊಳ್ಳಿ. ಆ ಸಣ್ಣ ತುಂಡು ಬ್ಯಾಗಿನ ಆಳದಲ್ಲಿ ಏಳೆಂಟು ಸೆಂ.ಮೀ. ಉಳಿಸಿಕೊಡುತ್ತದೆ.

ಆ ಸ್ಥಿತಿಯಲ್ಲೇ ಮೂರು ಅಳತೆ ಬರೆದುಕೊಳ್ಳಿ. ಉದ್ದವೆಂದರೆ ಹಿಂಬದಿಯ ಐಕಪ್‌ನಿಂದ ಲೆನ್ಸ್ ತುದಿಯವರೆಗೆ, ಹುಡ್ ತಿರುಗಿಸಿ ಹಾಕಿದ ಮೇಲೆ. ಅಗಲಕ್ಕೆ ಪಕ್ಕದ ಹಿಡಿ, ಕೇಬಲ್ ಕ್ಲ್ಯಾಂಪ್ ಸೇರಿಸಿ. ಎತ್ತರಕ್ಕೆ ಕೆಳಗಿನ ಪ್ಲೇಟಿನಿಂದ ಅತಿ ಮೇಲಿನ ತುದಿಯವರೆಗೆ. ಬ್ಯಾಗನ್ನು ನೆಲದ ಮೇಲೆ ಮಲಗಿಸಿ ತೆರೆದಾಗ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿದರೆ ಅದರ ಎತ್ತರವೇ ಬ್ಯಾಗಿಗೆ ಬೇಕಾದ ಆಳ. ಪಕ್ಕಕ್ಕೆ ಮಲಗಿಸಿದರೆ ಅಗಲವೇ ಆಳ. ಎರಡರಲ್ಲಿ ಕಡಿಮೆ ಇರುವುದನ್ನು ತೆಗೆದುಕೊಂಡು ಅದಕ್ಕೆ 2 ಸೆಂ.ಮೀ. ಸೇರಿಸಿ. ಬ್ಯಾಗಿನ *ಒಳ* ಆಳ ಇದಕ್ಕಿಂತ ಕಡಿಮೆ ಇರಕೂಡದು. ವಿವರಣೆಯಲ್ಲಿ ಹೊರ ಅಳತೆ ಮಾತ್ರ ಕೊಟ್ಟಿದ್ದರೆ ಅದರಿಂದ ಕನಿಷ್ಠ 4 ಸೆಂ.ಮೀ. ಕಳೆಯಿರಿ: ಬೆನ್ನಿನ ಪ್ಯಾನೆಲ್, ಮುಂದಿನ ಗೋಡೆ, ಮುಂದಿನ ಜೇಬು ಎಲ್ಲವೂ ಅದರೊಳಗೇ ಬಂದಿರುತ್ತವೆ.

ಎರಡು ಸಾಮಾನುಗಳನ್ನು ಕಣ್ಣಳತೆಯಲ್ಲಿ ಬಿಡಬೇಡಿ. ಒಂದು ಶಾಟ್‌ಗನ್ ಮೈಕ್, ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದ ಕೊಳವೆಯಂಥದ್ದು. ಸೆನ್‌ಹೈಸರ್ ಎಂಕೆಎಚ್ 416 ಒಂದೇ 25 ಸೆಂ.ಮೀ. ಉದ್ದವಿದೆ, ಹಿಂದಕ್ಕೆ ಎಕ್ಸ್‌ಎಲ್‌ಆರ್ ಪ್ಲಗ್ ಸೇರಿದರೆ ಇನ್ನೂ ಉದ್ದ. ಅಗಲ 27 ಸೆಂ.ಮೀ. ಇರುವ ಬ್ಯಾಗಿನಲ್ಲಿ ಇದು ಅಡ್ಡಡ್ಡ ಕೂರುತ್ತದೋ ಇಲ್ಲವೋ ಎನ್ನುವುದು ಒಳಗಿನ ವಿನ್ಯಾಸವನ್ನೇ ಬದಲಿಸುತ್ತದೆ. ಇನ್ನೊಂದು ಗಿಂಬಲ್, ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರು ಹಿಡಿ. ಮಡಚಿದಾಗಲೂ ಅದು ಚಪ್ಪಟೆಯಾದ ದೊಡ್ಡ ತಟ್ಟೆಯಷ್ಟು ಜಾಗ ಕೇಳುತ್ತದೆ. ತೋಳುಗಳು ತಿರುಗುವ ಮೂರೂ ಆಕ್ಸಿಸ್ ಲಾಕ್ ಮಾಡಿ ಅಳೆಯಿರಿ. ಲಾಕ್ ಮಾಡದೆ ಬ್ಯಾಗಿಗೆ ಹಾಕಿದರೆ ತೋಳುಗಳು ದಾರಿಯುದ್ದಕ್ಕೂ ಬಡಿದುಕೊಳ್ಳುತ್ತವೆ.

ಹಂತ 2: ತೂಕ ಕೂಡಿಸಿ

ಒಂದು ಮಾದರಿ ಲೆಕ್ಕ. ಸೋನಿ ಎಫ್‌ಎಕ್ಸ್3 ಬ್ಯಾಟರಿ, ಕಾರ್ಡ್ ಸಮೇತ ಸುಮಾರು 715 ಗ್ರಾಂ. ಕೇಜ್, ಹ್ಯಾಂಡಲ್, ಪ್ಲೇಟ್ ಸೇರಿ 600–700 ಗ್ರಾಂ. 24–70 ಎಫ್2.8 ಲೆನ್ಸ್ 700–900 ಗ್ರಾಂ, 70–200 ಎಫ್2.8 ಒಂದು ಕೆ.ಜಿ.ಗಿಂತ ಮೇಲೆ. ಐದು ಇಂಚಿನ ಮಾನಿಟರ್ ತನ್ನ ಬ್ಯಾಟರಿಯೊಂದಿಗೆ ಅರ್ಧ ಕೆ.ಜಿ., ಗಿಂಬಲ್ ಒಂದೂವರೆ, ವೈರ್‌ಲೆಸ್ ಮೈಕ್, ಕೇಬಲ್, ಬಿಡಿ ಬ್ಯಾಟರಿ, ಚಿಕ್ಕ ಎಲ್‌ಇಡಿ ಲೈಟ್ ಸೇರಿ ಇನ್ನೊಂದೂವರೆ. ಇಲ್ಲಿಗೆ ಆರೂವರೆ ದಾಟಿತು. 30–40 ಲೀಟರಿನ ಕ್ಯಾಮೆರಾ ಬ್ಯಾಗು ಖಾಲಿ ಇದ್ದಾಗಲೇ 2ರಿಂದ 3 ಕೆ.ಜಿ. ತೂಗುತ್ತದೆ. ಲ್ಯಾಪ್‌ಟಾಪ್ ಮತ್ತು ನೀರಿಗೆ ಎರಡೂವರೆ ಇಟ್ಟುಕೊಳ್ಳಿ. ಟ್ರೈಪಾಡ್ ಇನ್ನೂ ಬಂದೇ ಇಲ್ಲ, ಆಗಲೇ 11–12 ಕೆ.ಜಿ.

ಚಾರಣಿಗರು ದೇಹತೂಕದ ಶೇ. 20ನ್ನು ಹೊರೆಯ ಮೇಲ್ಮಿತಿ ಎಂದು ಎಣಿಸುವುದು ರೂಢಿ. 60 ಕೆ.ಜಿ. ತೂಕದವರಿಗೆ ಅದು 12 ಕೆ.ಜಿ. ಆದರೆ ಚಾರಣಿಗರು ಶಿಬಿರ ಮುಟ್ಟಿದ ಮೇಲೆ ಬ್ಯಾಗ್ ಇಳಿಸಿ ಕಾಲು ಚಾಚುತ್ತಾರೆ, ನೀವು ಇಳಿಸಿದ ಮೇಲೆ ಕೈಯಲ್ಲಿ ಕ್ಯಾಮೆರಾ ಹಿಡಿದು ನಡುಗದೆ ನಿಲ್ಲಬೇಕು. ದಿನವಿಡೀ ಓಡಾಡುವ ಕೆಲಸವಾದರೆ ಶೇ. 15ರೊಳಗೆ ಇರಿಸಿಕೊಳ್ಳುವುದು ಒಳ್ಳೆಯದು. ಒಟ್ಟು 15 ಕೆ.ಜಿ. ದಾಟಿದರೆ, ಅಥವಾ ಕ್ಯಾಮೆರಾ ಟಿವಿ ಸುದ್ದಿಯವರು ಹೆಗಲ ಮೇಲಿಡುವ ಇಎನ್‌ಜಿ ಮಾದರಿಯದಾದರೆ, ಬ್ಯಾಕ್‌ಪ್ಯಾಕ್ ವಿಚಾರ ಬಿಡಿ. ಚಕ್ರದ ಪೆಟ್ಟಿಗೆ ನೋಡಿ.

ಹಂತ 3: ಬ್ಯಾಗ್ ಎಲ್ಲಿಂದ ತೆರೆಯಬೇಕು?

ಬೆನ್ನ ಕಡೆಯಿಂದ ತೆರೆಯುವ ಬ್ಯಾಗುಗಳಿಗೆ ಎರಡು ದೊಡ್ಡ ಗುಣ. ಹೊತ್ತುಕೊಂಡಾಗ ಮುಖ್ಯ ಜಿಪ್ ನಿಮ್ಮ ಬೆನ್ನಿಗೇ ಒತ್ತಿಕೊಂಡಿರುವುದರಿಂದ ಜನಜಂಗುಳಿಯಲ್ಲಿ ಯಾರೂ ತೆರೆಯಲಾರರು. ನೆಲಕ್ಕಿಟ್ಟಾಗ ಕೆಸರು ತಾಗುವುದು ಮುಂಭಾಗಕ್ಕೆ, ಪಟ್ಟಿಗಳು ಒಣಗಿರುತ್ತವೆ, ಮತ್ತೆ ಹೊತ್ತಾಗ ಅಂಗಿ ಹಾಳಾಗುವುದಿಲ್ಲ. ಸೊಂಟಪಟ್ಟಿ ಗಟ್ಟಿ ಇದ್ದರೆ ಹೆಗಲ ಪಟ್ಟಿಯಿಂದ ತೋಳು ಬಿಡಿಸಿ, ಬ್ಯಾಗನ್ನು ಸೊಂಟದ ಸುತ್ತ ಮುಂದಕ್ಕೆ ತಿರುಗಿಸಿ, ನೆಲಕ್ಕಿಡದೆಯೇ ಲೆನ್ಸ್ ಬದಲಿಸಬಹುದು. ನೀರು ನಿಂತ ಗದ್ದೆ, ಮರಳು ದಂಡೆಯಂಥ ಕಡೆ ಇದರ ಬೆಲೆ ಗೊತ್ತಾಗುತ್ತದೆ. ದೋಷವೂ ಉಂಟು: ಮಳೆಯಲ್ಲಿ ನೆಲಕ್ಕಿಟ್ಟು ತೆರೆದರೆ ಬಾಯಿ ನೇರ ಆಕಾಶಕ್ಕೆ.

ಮುಂದಿನಿಂದ ಪೂರ್ತಿ ತೆರೆದುಕೊಳ್ಳುವ ಬ್ಯಾಗು ಸ್ಟುಡಿಯೊ, ಸಂದರ್ಶನದ ಕೆಲಸಕ್ಕೆ ಸಾಕು. ಆದರೆ ತೆರೆಯಲು ಬ್ಯಾಗನ್ನು ಬೆನ್ನ ಮೇಲೆ ಮಲಗಿಸಬೇಕು, ಪಟ್ಟಿಗಳು ಧೂಳಿನಲ್ಲಿ. ಮುಂದೆ ಟ್ರೈಪಾಡ್ ಕಟ್ಟಿದ್ದರೆ ಮೊದಲು ಅದನ್ನು ಬಿಚ್ಚಬೇಕು. ಪಕ್ಕದ ಬಾಗಿಲು ಚಿಕ್ಕ ಮಿರರ್‌ಲೆಸ್ ಬಾಡಿಗೆ ಚೆನ್ನ, ಕೇಜ್ ಹಾಕಿದ್ದಕ್ಕೆ ಸಾಲುವುದಿಲ್ಲ. ಬಾಗಿಲಿನ ಅಂಚಿಗೆ ಎಚ್‌ಡಿಎಂಐ ಕೇಬಲಿನ ಕ್ಲ್ಯಾಂಪ್ ಸಿಕ್ಕಿಕೊಳ್ಳುತ್ತದೆ. ಪಕ್ಕದ ಬಾಗಿಲು ಬೇಕೇಬೇಕು ಎನ್ನುವವರು ಅಂಗಡಿಗೆ ಕೇಜ್ ಸಮೇತ ಕ್ಯಾಮೆರಾ ಒಯ್ದು ಒಂದು ಕೈಯಲ್ಲಿ ಹತ್ತು ಸಲ ಹೊರತೆಗೆದು ನೋಡಿ.

ಬ್ಯಾಗ್ ಎಷ್ಟೇ ಒಳ್ಳೆಯದಿರಲಿ, ಕ್ಯಾಮೆರಾ ನೆಲಕ್ಕೆ ಬೀಳುವುದು ಒಂದೇ ರೀತಿ: ಫ್ಲ್ಯಾಪ್ ಮುಚ್ಚಿ, ಜಿಪ್ ಎಳೆಯದೆ ಪಕ್ಕದಲ್ಲಿಟ್ಟಿರುತ್ತೀರಿ, ಯಾರೋ ಕರೆಯುತ್ತಾರೆ, ಅವಸರದಲ್ಲಿ ಮೇಲಿನ ಹಿಡಿ ಹಿಡಿದು ಎತ್ತುತ್ತೀರಿ. ಫ್ಲ್ಯಾಪ್ ಮುಚ್ಚಿದ ಕೈ ಜಿಪ್ಪನ್ನು ಎಳೆದೇ ಬಿಡಬೇಕು, ಇದನ್ನು ಅಭ್ಯಾಸ ಮಾಡಿಕೊಳ್ಳಿ. ಎರಡು ಎಳೆಗಳಿರುವ (ಹಿಡಿದು ಓಡಿಸುವ ತುಂಡುಗಳಿರುವ) ಜಿಪ್ಪಾದರೆ ಎರಡೂ ಸೇರುವ ಜಾಗ ಯಾವಾಗಲೂ ಒಂದೇ ಇರಲಿ, ಮೇಲಿನ ಎಡ ಮೂಲೆ ಎಂದಿಟ್ಟುಕೊಳ್ಳಿ. ಆಗ ಅಲ್ಲಿ ಎಳೆಗಳು ಕಾಣದಿದ್ದರೆ ಬ್ಯಾಗ್ ತೆರೆದಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಹಂತ 4: ಭಾರ ಸೊಂಟಕ್ಕೆ ಇಳಿಯುತ್ತದೆಯೇ?

ಕ್ಯಾಮೆರಾ ಬ್ಯಾಗುಗಳು ಹೆಚ್ಚು ಮೋಸ ಮಾಡುವುದು ಸೊಂಟಪಟ್ಟಿಯಲ್ಲಿ. ಎರಡೂವರೆ ಸೆಂ.ಮೀ. ಅಗಲದ ಬರಿಯ ನೈಲಾನ್ ಪಟ್ಟಿ ಕೊಟ್ಟು ಅದನ್ನೂ ಸೊಂಟಪಟ್ಟಿ ಎನ್ನುತ್ತಾರೆ. ಅದು ಬ್ಯಾಗ್ ಅಲುಗಾಡದಂತೆ ಹಿಡಿಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. 8 ಕೆ.ಜಿ.ಗಿಂತ ಮೇಲೆ ಹೊರುವವರಿಗೆ ಹತ್ತು ಸೆಂ.ಮೀ. ಆಸುಪಾಸು ಅಗಲದ, ಫೋಮ್ ತುಂಬಿದ, ಬ್ಯಾಗಿನ ಚೌಕಟ್ಟಿಗೆ ಗಟ್ಟಿಯಾಗಿ ಕೂಡಿಕೊಂಡ ಪಟ್ಟಿಯೇ ಬೇಕು. ಚೌಕಟ್ಟು ಎಂದರೆ ಬೆನ್ನ ಪ್ಯಾನೆಲ್ ಒಳಗಿನ ಅಲ್ಯೂಮಿನಿಯಂ ಕಡ್ಡಿ ಅಥವಾ ಗಟ್ಟಿ ಪ್ಲಾಸ್ಟಿಕ್ ಹಾಳೆ. ಅದಿಲ್ಲದಿದ್ದರೆ ಬ್ಯಾಗ್ ನಡುವಿನಲ್ಲಿ ಕುಸಿಯುತ್ತದೆ, ಭಾರವೆಲ್ಲ ಹೆಗಲಿಗೇ ವಾಪಸ್. ಪರೀಕ್ಷೆ ಸುಲಭ: ಖಾಲಿ ಬ್ಯಾಗನ್ನು ನಿಲ್ಲಿಸಿ ಮೇಲಿನಿಂದ ಅಂಗೈಯಲ್ಲಿ ಒತ್ತಿ. ಅಕಾರ್ಡಿಯನ್ ಹಾಗೆ ಮಡಚಿಕೊಂಡರೆ ಚೌಕಟ್ಟಿಲ್ಲ.

ಆಮೇಲೆ ನಿಮ್ಮ ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿಕೊಳ್ಳುತ್ತದಲ್ಲ, ಅಲ್ಲಿಂದ ಟೇಪ್ ಹಿಡಿಯಿರಿ. ಎರಡೂ ಕೈ ಸೊಂಟದ ಮೇಲಿಟ್ಟು ಹೆಬ್ಬೆರಳು ಹಿಂದಕ್ಕೆ ಚಾಚಿದರೆ ಸೊಂಟಮೂಳೆಯ ಮೇಲಂಚು ಸಿಗುತ್ತದೆ. ಎರಡು ಹೆಬ್ಬೆರಳ ನಡುವೆ ಎಳೆದ ಗೆರೆಯವರೆಗೆ ಅಳೆಯಿರಿ. ಇನ್ನೊಬ್ಬರ ಸಹಾಯ ಬೇಕು, ಒಬ್ಬರೇ ಅಳೆದರೆ ಬೆನ್ನು ಬಾಗಿ ಅಳತೆ ತಪ್ಪುತ್ತದೆ. ಒಂದೇ ಅಳತೆಯ ಬ್ಯಾಗುಗಳು ಕುಳ್ಳಗಿರುವವರಿಗೆ ಸೊಂಟಪಟ್ಟಿಯನ್ನು ಪೃಷ್ಠದ ಮೇಲೆ ಕೂರಿಸುತ್ತವೆ, ಎತ್ತರದವರಿಗೆ ಹೊಟ್ಟೆಯ ಮೇಲೆ. ಪಟ್ಟಿಯ ಎತ್ತರ ಹೊಂದಿಸಲು ಬರುವ ಬ್ಯಾಗಿದ್ದರೆ ಅದಕ್ಕೇ ಮೊದಲ ಪ್ರಾಶಸ್ತ್ಯ ಕೊಡಿ, ಅದರಲ್ಲೂ ಒಂದೇ ಬ್ಯಾಗನ್ನು ತಂಡದಲ್ಲಿ ಇಬ್ಬರು ಮೂವರು ಹೊರುವುದಿದ್ದರೆ.

ಹೊತ್ತುಕೊಳ್ಳುವ ಕ್ರಮವೂ ಇದೆ. ಎಲ್ಲ ಪಟ್ಟಿ ಸಡಿಲಿಸಿ. ಮೊದಲು ಸೊಂಟದ ಬಕಲ್ ಹಾಕಿ ಬಿಗಿಯಿರಿ. ಪಟ್ಟಿಯ ನಡುಭಾಗ ಸೊಂಟಮೂಳೆಯ ಮೇಲಂಚಿನ ಮೇಲೆ ಕೂರಬೇಕು. ನಂತರ ಹೆಗಲ ಪಟ್ಟಿ. ಆಮೇಲೆ ಹೆಗಲ ಮೇಲಿನಿಂದ ಬ್ಯಾಗಿನ ತುದಿಗೆ ಹೋಗುವ ಚಿಕ್ಕ ಪಟ್ಟಿಗಳು, ಅವು ಸುಮಾರು 45 ಡಿಗ್ರಿ ಓರೆಯಲ್ಲಿ ನಿಂತರೆ ಬ್ಯಾಗ್ ಸರಿಯಾದ ಅಳತೆಯದು. ಕೊನೆಗೆ ಎದೆಪಟ್ಟಿ, ಉಸಿರು ಕಟ್ಟದಷ್ಟು. ಈಗ ಹೆಗಲ ಪಟ್ಟಿಯ ಅಡಿ ಎರಡು ಬೆರಳು ಸರಾಗವಾಗಿ ತೂರಿದರೆ ಭಾರ ಸೊಂಟಕ್ಕಿಳಿದಿದೆ.

ಹಂತ 5: ಒಳಗಿನ ಮನೆ

ಡಿವೈಡರುಗಳನ್ನು ಬೆರಳಲ್ಲಿ ಹಿಚುಕಿ ನೋಡಿ. ಕನಿಷ್ಠ ಒಂದು ಸೆಂ.ಮೀ. ದಪ್ಪವಿರಬೇಕು, ಹಿಚುಕಿ ಬಿಟ್ಟ ಕೂಡಲೇ ಮೊದಲಿನಂತಾಗಬೇಕು. ಮೆತ್ತಗಿನ ಸ್ಪಂಜು ಮೊದಲ ದಿನ ಹಿತವಾಗಿರುತ್ತದೆ, ಆರು ತಿಂಗಳಿಗೆ ಚಪಾತಿಯಾಗುತ್ತದೆ. ವೆಲ್ಕ್ರೋ ಅಗಲವಾಗಿರಲಿ. ಡಿವೈಡರಿನ ಕಿವಿ ಕಿರಿದಾಗಿದ್ದರೆ ಭಾರದ ಲೆನ್ಸ್ ಅದನ್ನು ಕಿತ್ತುಕೊಂಡು ಕೆಳಗಿನ ಕೋಣೆಗೆ ಜಾರುತ್ತದೆ. ಒಳಬಟ್ಟೆ ಬೂದು, ಹಳದಿ, ಕಿತ್ತಳೆ ಹೀಗೆ ತಿಳಿಬಣ್ಣದ್ದಾಗಿರಲಿ. ಕಪ್ಪು ಬಟ್ಟೆಯೊಳಗೆ ಕಪ್ಪು ಲೆನ್ಸ್ ಕ್ಯಾಪ್ ಬಿದ್ದರೆ ಟಾರ್ಚ್ ಹಿಡಿದು ಹುಡುಕಬೇಕು.

ಲೆನ್ಸ್ ಹಾಕಿದ ಕ್ಯಾಮೆರಾವನ್ನು ಇಡುವುದರಲ್ಲಿ ತಪ್ಪುವವರೇ ಹೆಚ್ಚು. ಬಾಡಿ ಗಟ್ಟಿಯಾಗಿ ಕೂತು, ಒಂದು ಕೆ.ಜಿ. ಲೆನ್ಸ್ ಗಾಳಿಯಲ್ಲಿ ತೂಗುತ್ತಿದ್ದರೆ ಪ್ರತಿ ಹೆಜ್ಜೆಯ ಕುಲುಕು ಮೌಂಟ್ ಮೇಲೆ ಬೀಳುತ್ತದೆ. ವಾರಗಟ್ಟಲೆ ಹೀಗಾದರೆ ಮೌಂಟಿನ ಸ್ಕ್ರೂ ಸಡಿಲಗೊಂಡು ಲೆನ್ಸ್ ಕೊಂಚ ಆಡತೊಡಗುತ್ತದೆ. ಲೆನ್ಸ್ ಬ್ಯಾರೆಲ್ ಅಡಿ ಒಂದು ಡಿವೈಡರನ್ನು ಮಡಿಸಿ ಆನಿಸಿ, ಬಾಡಿಯ ಎರಡೂ ಪಕ್ಕ ಬಿಗಿ ಮಾಡಿ. ಮುಚ್ಚಿದ ಬ್ಯಾಗನ್ನು ಮೆಲ್ಲಗೆ ಅಲ್ಲಾಡಿಸಿದಾಗ ಒಳಗೆ ಏನೂ ಸದ್ದಾಗಕೂಡದು.

ಭಾರದ ವಸ್ತು ಬೆನ್ನಿಗೆ ಹತ್ತಿರ, ಎತ್ತರದಲ್ಲಿ ನಡುಭಾಗಕ್ಕೆ. ಹಗುರದ್ದು ಹೊರಗೆ ಮತ್ತು ತೀರ ಕೆಳಗೆ. ಕ್ಯಾಮೆರಾ ಭಾಗವನ್ನೇ ಪೂರ್ತಿ ತಳದಲ್ಲಿಟ್ಟು ಮೇಲೆ ಬಟ್ಟೆಗೆ ಜಾಗ ಬಿಡುವ ಬ್ಯಾಗುಗಳು ನಡೆಯುವಾಗ ಹಿಂದಕ್ಕೆ ಜಗ್ಗುತ್ತವೆ. ಎಫ್-ಸ್ಟಾಪ್, ಶಿಮೋಡಾದಂಥ ತಯಾರಕರು ಒಳಗಿನ ಪೆಟ್ಟಿಗೆಯನ್ನು ಬೇರೆಯಾಗಿಯೇ ಮಾರುತ್ತಾರೆ; ಪೆಟ್ಟಿಗೆಯ ಆಳವನ್ನು ನಿಮ್ಮ ರಿಗ್ಗಿಗೆ (ಜೋಡಿಸಿದ ಕ್ಯಾಮೆರಾಗೆ) ತಕ್ಕಂತೆ ಆರಿಸಿಕೊಳ್ಳಬಹುದಾದ್ದರಿಂದ ವಿಡಿಯೊದವರಿಗೆ ಈ ಪದ್ಧತಿ ಒಗ್ಗುತ್ತದೆ. ಖರ್ಚು ಹೆಚ್ಚು, ಬ್ಯಾಗ್ ಮತ್ತು ಪೆಟ್ಟಿಗೆ ಎರಡಕ್ಕೂ ಬೇರೆಬೇರೆ ತೆರಬೇಕು.

ಹಂತ 6: ಟ್ರೈಪಾಡ್

ಫ್ಲೂಯಿಡ್ ಹೆಡ್ (ಕ್ಯಾಮೆರಾವನ್ನು ನಯವಾಗಿ ತಿರುಗಿಸುವ ತಲೆಭಾಗ) ಇರುವ ವಿಡಿಯೊ ಟ್ರೈಪಾಡ್ ಮೂರರಿಂದ ಐದು ಕೆ.ಜಿ., ಮಡಚಿದರೆ 70 ಸೆಂ.ಮೀ. ಆಸುಪಾಸು. ಬ್ಯಾಗಿನ ಎತ್ತರವೇ 50–55. ಪಕ್ಕಕ್ಕೆ ಕಟ್ಟಿದರೆ ಒಂದು ಹೆಗಲು ಜಗ್ಗುತ್ತದೆ, ಮುಂದೆ ನಡುವಿಗೆ ಕಟ್ಟಿದರೆ ಭಾರ ಬೆನ್ನಿನಿಂದ ದೂರ ಹೋಗಿ ಹಿಂದಕ್ಕೆ ಎಳೆಯುತ್ತದೆ. ಎರಡು ಕೆ.ಜಿ.ಯೊಳಗಿನ ಕಾರ್ಬನ್ ಟ್ರೈಪಾಡನ್ನು ಪಕ್ಕಕ್ಕೆ ಕಟ್ಟಿ, ಇನ್ನೊಂದು ಪಕ್ಕದ ಜೇಬಿಗೆ ನೀರು ಮತ್ತು ಬ್ಯಾಟರಿ ತುಂಬಿ ಸರಿದೂಗಿಸಬಹುದು. ಅದಕ್ಕಿಂತ ಭಾರವಾದ್ದಕ್ಕೆ ಪ್ರತ್ಯೇಕ ಹೆಗಲಚೀಲವೇ ಲೇಸು. ಕಟ್ಟುವುದೇ ಆದರೆ ಪ್ಯಾನ್ ಬಾರ್ (ಹೆಡ್ ತಿರುಗಿಸುವ ಉದ್ದ ಹಿಡಿ) ಬಿಚ್ಚಿ ಒಳಗಿಡಿ, ಇಲ್ಲವಾದರೆ ಬಾಗಿಲು ಬಾಗಿಲಿಗೂ ತಗಲುತ್ತದೆ. ಟ್ರೈಪಾಡ್ ಕಟ್ಟಿದ ಬ್ಯಾಗನ್ನು ನಿಲ್ಲಿಸಿ ಹೋಗಬೇಡಿ, ಅದು ನಿಲ್ಲುವುದಿಲ್ಲ.

ಹಂತ 7: ಬಟ್ಟೆ, ಜಿಪ್, ಮಳೆ

ಬಟ್ಟೆಯ ವಿವರಣೆಯಲ್ಲಿ ಬರುವ ಡೆನಿಯರ್ ಎಂಬುದು 9,000 ಮೀಟರ್ ನೂಲಿನ ತೂಕ, ಗ್ರಾಂಗಳಲ್ಲಿ. ಬ್ಯಾಗಿನ ಮೈಗೆ 400ಕ್ಕೆ ಮೇಲ್ಪಟ್ಟ ನೈಲಾನ್ ಸಾಕು, ತಳಕ್ಕೆ 800–1000 ಇದ್ದರೆ ನೆಮ್ಮದಿ. ಒಳಬದಿಯ ಪಾಲಿಯುರೆಥೇನ್ ಲೇಪ ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಅಂಟಂಟಾಗಿ ಹೊಪ್ಪಳೆ ಏಳುತ್ತದೆ. ಸೆಕೆಂಡ್ ಹ್ಯಾಂಡ್ ಬ್ಯಾಗ್ ಕೊಳ್ಳುವವರು ಒಳಗೆ ಕೈಹಾಕಿ ಉಜ್ಜಿ, ಮೂಸಿ ನೋಡಲಿ.

ಜಿಪ್ಪಿನ ಓಡುವ ತುಂಡಿನ ಹಿಂಭಾಗದಲ್ಲಿ 5, 8, 10 ಎಂಬಂಥ ಅಂಕಿ ಇರುತ್ತದೆ. ಮುಚ್ಚಿದ ಹಲ್ಲಿನ ಅಗಲ ಹೆಚ್ಚುಕಡಿಮೆ ಅಷ್ಟೇ ಮಿ.ಮೀ. ಮುಖ್ಯ ಬಾಗಿಲಿಗೆ 8 ಅಥವಾ 10 ಇರಲಿ, ಜೇಬಿಗೆ 5 ಸಾಕು. ಸುರುಳಿ ಹಲ್ಲಿನ ಜಿಪ್ ನಡುವೆ ಬಾಯಿ ಬಿಟ್ಟರೂ ಎಳೆಯನ್ನು ಹಿಂದೆ ಮುಂದೆ ಓಡಿಸಿದರೆ ಕೂಡಿಕೊಳ್ಳುತ್ತದೆ. ಬಿಡಿಬಿಡಿ ಪ್ಲಾಸ್ಟಿಕ್ ಹಲ್ಲಿನದು ಒಂದು ಹಲ್ಲು ಉದುರಿದರೆ ಮುಗಿಯಿತು. ರಬ್ಬರಿನಂತೆ ಹೊಳೆಯುವ ಲೇಪದ ಜಿಪ್ ಹನಿ ತಡೆಯುತ್ತದೆ, ಜಡಿಮಳೆ ತಡೆಯುವುದಿಲ್ಲ. ಹೆಗಲ ಪಟ್ಟಿ ಬ್ಯಾಗಿನ ಮೈಗೆ ಸೇರುವಲ್ಲಿ ಚೌಕದೊಳಗೆ ಗುಣಿಸು ಗುರುತಿನ ಹೊಲಿಗೆ ಅಥವಾ ಒತ್ತೊತ್ತಾದ ಅಡ್ಡ ಹೊಲಿಗೆ ಇದೆಯೇ ನೋಡಿ. ಒಂದೇ ಸಾಲಿನ ಹೊಲಿಗೆ ಬಿಟ್ಟರೆ ಬ್ಯಾಗೇ ಬಿತ್ತು.

ಮಳೆಹೊದಿಕೆ ಪಟ್ಟಿಗಳಿರುವ ಬೆನ್ನ ಕಡೆಯನ್ನು ಮುಚ್ಚುವುದಿಲ್ಲ. ಕತ್ತಿನಿಂದ ಇಳಿದ ನೀರು ಅಲ್ಲಿಂದಲೇ ಜಾರಿ ಹೊದಿಕೆಯ ತಳದಲ್ಲಿ ತೊಟ್ಟಿಯಂತೆ ನಿಲ್ಲುತ್ತದೆ. ತಳದಲ್ಲಿ ನೀರು ಹೋಗಲು ತೂತಿರುವ ಹೊದಿಕೆ ಆರಿಸಿ, ಕ್ಯಾಮೆರಾ ಪೆಟ್ಟಿಗೆಗೆ ಒಳಗೂ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲ ಸುತ್ತಿ. ಮನೆಗೆ ಬಂದ ಮೇಲೆ ಎಲ್ಲ ಹೊರತೆಗೆದು ಬ್ಯಾಗ್ ಒಣಗಿಸಿ. ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಿದ ಬ್ಯಾಗಿನೊಳಗೆ ವಾರಗಟ್ಟಲೆ ಬಿಟ್ಟ ಲೆನ್ಸಿಗೆ ಫಂಗಸ್ ಕಟ್ಟಿಟ್ಟ ಬುತ್ತಿ.

ಹಂತ 8: ವಿಮಾನ ಹತ್ತುವವರಿಗೆ

ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್‌ವರೆಗೆ ಅನುಮತಿ ಕೇಳಬೇಕಿಲ್ಲ. 100ರಿಂದ 160ರವರೆಗಿನ ಬಿಡಿ ಬ್ಯಾಟರಿ ವಿಮಾನ ಸಂಸ್ಥೆಯ ಒಪ್ಪಿಗೆ ಇದ್ದರೆ ಎರಡು ಮಾತ್ರ. ಅದಕ್ಕೂ ಮೇಲಿನದು ಪ್ರಯಾಣಿಕರ ಲಗೇಜಿನಲ್ಲಿ ಬರುವಂತಿಲ್ಲ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 14.4 ವೋಲ್ಟ್, 6.8 ಆಂಪಿಯರ್-ಅವರ್‌ನ ವಿ-ಮೌಂಟ್ (ವಿಡಿಯೊದವರು ಬಳಸುವ ದೊಡ್ಡ ಇಟ್ಟಿಗೆಯಂಥ) ಬ್ಯಾಟರಿ ಸುಮಾರು 98 ವ್ಯಾಟ್-ಅವರ್. ಅಂಕಿ ಅಳಿಸಿಹೋದ ಬ್ಯಾಟರಿಯನ್ನು ತಪಾಸಣೆಯಲ್ಲಿ ತಡೆಯಬಹುದು. ಲೋಹದ ತುದಿಗಳಿಗೆ ಕ್ಯಾಪ್ ಅಥವಾ ಟೇಪ್ ಹಾಕಿ.

ಕೈಚೀಲದ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. 7 ಕೆ.ಜಿ. ಮಿತಿ ಇರುವಲ್ಲಿ 2.8 ಕೆ.ಜಿ. ಖಾಲಿ ಬ್ಯಾಗ್ ಒಯ್ದರೆ ಸಾಮಾನಿಗೆ ಉಳಿಯುವುದು 4.2. ಹೆಚ್ಚು ಹಾರಾಡುವವರು ಹಗುರ ಬ್ಯಾಗನ್ನೇ ನೋಡಲಿ. ಬ್ಯಾಗನ್ನು ಗೇಟಿನಲ್ಲಿ ಕಿತ್ತುಕೊಂಡು ಕೆಳಗೆ ಕಳಿಸುವುದೂ ಉಂಟು. ಹಾಗಾಗಿ ಬ್ಯಾಟರಿಗಳೆಲ್ಲ ಒಂದೇ ಪೌಚಿನಲ್ಲಿರಲಿ, ಕೈಹಾಕಿ ಹೊರಗೆಳೆಯುವಷ್ಟು ಮೇಲೆ.

ಹಂತ 9: ಹಿಂದಿರುಗಿಸುವ ಗಡುವಿನೊಳಗೆ

ಬ್ಯಾಗ್ ಮನೆಗೆ ಬಂದ ದಿನವೇ ಲೇಬಲ್ ಕತ್ತರಿಸಬೇಡಿ. ಮೊದಲ ಸುತ್ತಿಗೆ ನೀರಿನ ಬಾಟಲಿ ತುಂಬಿ, ಲೀಟರಿಗೆ ಒಂದು ಕೆ.ಜಿ., ಹಂತ 2ರಲ್ಲಿ ಬಂದ ತೂಕ ಮಾಡಿಕೊಳ್ಳಿ. ಬಾಟಲಿಗಳ ನಡುವೆ ಟವೆಲ್ ತುರುಕಿ, ಇಲ್ಲವಾದರೆ ಉರುಳಾಡಿ ಸಮತೋಲದ ಅಂದಾಜೇ ಸಿಗುವುದಿಲ್ಲ. ಮೆಟ್ಟಿಲು ಹತ್ತಿಳಿಯುತ್ತಾ 20 ನಿಮಿಷ ನಡೆಯಿರಿ. ಹತ್ತನೇ ನಿಮಿಷಕ್ಕೆ ಹೆಗಲು ಜುಮುಗುಟ್ಟಿದರೆ, ಅಥವಾ ಕತ್ತು ತಾನಾಗಿ ಮುಂದಕ್ಕೆ ಚಾಚಿದರೆ ಬ್ಯಾಗ್ ನಿಮ್ಮ ಬೆನ್ನಿನದಲ್ಲ. ಎರಡನೇ ಸುತ್ತಿಗೆ ನಿಜವಾದ ಸಾಮಾನು ಜೋಡಿಸಿ, ಜಿಪ್ ಮುಚ್ಚಿ. ಜಿಪ್ಪನ್ನು ಮೊಣಕಾಲಿನಿಂದ ಒತ್ತಿ ಮುಚ್ಚಬೇಕಾಗಿ ಬಂದರೆ ಆಳ ಸಾಲದು. ಆ ಒತ್ತಡವನ್ನು ಹೊರುತ್ತಿರುವುದು ನಿಮ್ಮ ಮಾನಿಟರ್ ಗಾಜು. ಕೊನೆಗೆ ದೀಪ ಆರಿಸಿ, ಬ್ಯಾಗಿನಿಂದ ಒಂದು ತುಂಬಿದ ಬ್ಯಾಟರಿ ಮತ್ತು ಒಂದು ಖಾಲಿ ಕಾರ್ಡ್ ತೆಗೆಯಿರಿ. ಅರ್ಧ ನಿಮಿಷದಲ್ಲಿ ಎರಡೂ ಕೈಗೆ ಬಂದರೆ ಲೇಬಲ್ ಕತ್ತರಿಸಬಹುದು.